ಬಾಯಿ, ಗಂಟಲು ಕ್ಯಾನ್ಸರ್: ಬರುವ ರಕ್ತ 'ಕೆಟ್ಟ ರಕ್ತ' ಅಲ್ಲ

ಬಾಯಿ, ಗಂಟಲಿನ ಕ್ಯಾನ್ಸರ್ ಇದ್ದವರಿಗೆ ಸ್ವಲ್ಪ ರಕ್ತ ಬಂದರೆ ಕೆಟ್ಟ ರಕ್ತ ಹೊರಗೆ ಹೋಯಿತು, ಅರಿಶಿನ ಹಚ್ಚಿದರೆ ಸಾಕು ಎಂಬ ಮೆಸೇಜ್ ವಾಟ್ಸಾಪ್‌ನಲ್ಲಿ ಸುತ್ತುತ್ತಲೇ ಇರುತ್ತದೆ. ಕಳಿಸುವವರದು ಕಾಳಜಿಯೇ. ಆದರೆ ಮಾತು ತಪ್ಪು.

ಕತ್ತಿನ ಎರಡೂ ಕಡೆ ಮೆದುಳಿಗೆ ರಕ್ತ ಒಯ್ಯುವ ಕೆರೋಟಿಡ್ ಎಂಬ ದೊಡ್ಡ ರಕ್ತನಾಳಗಳಿವೆ. ಗಡ್ಡೆ, ಸೋಂಕು, ಆಪರೇಷನ್, ರೇಡಿಯೇಷನ್‌ನಿಂದ ಅವುಗಳ ಗೋಡೆ ಸವೆಯಬಹುದು. ರೇಡಿಯೇಷನ್ ಮುಗಿದು ವರ್ಷಗಳಾದ ಮೇಲೂ. ಕೆಲವರಲ್ಲಿ ಮೊದಲು ಸ್ವಲ್ಪ ರಕ್ತ ಬಂದು ತಾನಾಗಿಯೇ ನಿಲ್ಲುತ್ತದೆ. ಆಮೇಲೆ ಗಂಟೆಗಳಲ್ಲೋ ದಿನಗಳಲ್ಲೋ ನಾಳವೇ ಒಡೆಯಬಹುದು. ಪ್ರತಿ ಸಲವೂ ಹೀಗಾಗುವುದಿಲ್ಲ, ಆದರೆ ಪರೀಕ್ಷೆ ಮಾಡದೆ ಹೇಳಲು ಬರುವುದಿಲ್ಲ. ನಿಂತಿತಲ್ಲ ಎಂದು ಸುಮ್ನೆ ಕೂರಬೇಡಿ. ಆಗಲೇ ಆಸ್ಪತ್ರೆಗೆ ಹೋದರೆ ರಕ್ತನಾಳ ತೋರಿಸುವ ಸ್ಕ್ಯಾನ್ ಆದ ಸಿಟಿ ಆಂಜಿಯೋಗ್ರಾಮ್‌ನಲ್ಲಿ ಜಾಗ ಹುಡುಕಿ, ತೊಡೆಯ ರಕ್ತನಾಳದಿಂದ ತೆಳು ಕೊಳವೆ ಕಳಿಸಿ, ಸ್ಟೆಂಟ್ (ನಾಳದ ಒಳಗೆ ಕೂರಿಸುವ ಸಣ್ಣ ಕೊಳವೆ) ಹಾಕಬಹುದು ಅಥವಾ ಕಾಯಿಲ್ ಎಂಬ ಲೋಹದ ಸಣ್ಣ ಸುರುಳಿಯಿಂದ ನಾಳ ಮುಚ್ಚಬಹುದು. ಅರಿಶಿನ ಅಲ್ಲಿಗೆ ತಲುಪುವುದೇ ಇಲ್ಲ, ಅಲ್ವಾ?

ರಕ್ತ ಜೋರಾಗಿದ್ದರೆ, ಬರುವ ಜಾಗ ಕಾಣುತ್ತಿದ್ದರೆ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಉಸಿರಿನ ದಾರಿಗೆ ರಕ್ತ ಇಳಿಯದಂತೆ ಮಗ್ಗುಲಾಗಿ ಮಲಗಿಸಿ. 108ಕ್ಕೆ ಫೋನ್ ಮಾಡಿ.

ಇಂಥ ಮೆಸೇಜ್ ಬಂದರೆ ಯಾರು, ಯಾವಾಗ ಹೇಳಿದ್ದು ಅಂತ ಅದರಲ್ಲಿ ಇದೆಯೇ ನೋಡಿ. ಡಿಸ್ಚಾರ್ಜ್ ಹಾಳೆಯಲ್ಲಿ ಯಾವಾಗ ತಕ್ಷಣ ಬರಬೇಕು ಎಂದು ಬರೆದಿದ್ದರೆ ಅದರ ಜೊತೆ ಹೋಲಿಸಿ. ಚಿಕಿತ್ಸೆ ಕೊಡುವ ಡಾಕ್ಟರಿಗೇ ಮೆಸೇಜ್ ತೋರಿಸಿ ಕೇಳಿ, ಅವರು ಬೇಜಾರು ಮಾಡಿಕೊಳ್ಳುವುದಿಲ್ಲ.