ನೀರಿನ ಪೇಂಟ್‌ನಲ್ಲಿ ಪ್ಲಾಸ್ಟಿಕ್ ಇಲ್ಲವೇ? ಸತ್ಯಾಂಶ ಇಲ್ಲಿದೆ

ನೀರಿನಲ್ಲಿ ಕಲಸುವ ಎಮಲ್ಷನ್ ಪೇಂಟ್ ಸಂಪೂರ್ಣ ನೈಸರ್ಗಿಕ ಎಂಬ ಸಂದೇಶ ಸಕಲೇಶಪುರ, ಮೂಡಿಗೆರೆ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು. ನೀರು ಆರಿದ ಮೇಲೆ ಬಣ್ಣದ ಪುಡಿಯನ್ನು ಗೋಡೆಗೆ ಹಿಡಿದಿಡುವುದು ಸಾಮಾನ್ಯವಾಗಿ ಅಕ್ರಿಲಿಕ್ ಅಥವಾ ವಿನೈಲ್ ಪಾಲಿಮರ್, ಅದೂ ಪ್ಲಾಸ್ಟಿಕ್ಕೇ. ವಾಸನೆ ಕಡಿಮೆಯಿದ್ದ ಮಾತ್ರಕ್ಕೆ ಅದು ಇಲ್ಲವೆಂದಾಗದು.

ಪ್ಲಾಸ್ಟಿಕ್ ಬೇಡವೆನ್ನುವವರಿಗೆ ಹಿರಿಯರು ಬಳಿಯುತ್ತಿದ್ದ ಸುಣ್ಣವೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ನೀರು ಹಾಕಿ ಅರಳಿಸಿದ ಸುಣ್ಣವು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿ ಗಟ್ಟಿಯಾಗುತ್ತದೆ ಮತ್ತು ಗೋಡೆಯೊಳಗಿನ ತೇವ ಹೊರಹೋಗಲು ಬಿಡುವುದರಿಂದ ಮಲೆನಾಡಿನ ಹಳೆಯ ಮಣ್ಣಿನ ಗೋಡೆಗಳಿಗೆ ಚೆನ್ನಾಗಿ ಹೊಂದುತ್ತದೆ. ಆದರೆ ಮಳೆ ಬಡಿಯುವ ಹೊರಗೋಡೆಗೆ ಆಗಾಗ ಬಳಿಯಬೇಕು. ಮೊದಲೇ ಎಮಲ್ಷನ್ ಹಚ್ಚಿದ್ದರೆ ಅದನ್ನು ಕೆರೆದು ತೆಗೆಯದೆ ಸುಣ್ಣ ಸರಿಯಾಗಿ ಹಿಡಿಯದು. ಸುಟ್ಟ ಸುಣ್ಣದ ಕಲ್ಲಿಗೆ ನೀರು ಹಾಕಿದಾಗ ಅದು ಕುದಿದು ಸಿಡಿಯುವುದರಿಂದ ಕಣ್ಣಿಗೆ ರಕ್ಷಣಾ ಕನ್ನಡಕ ಧರಿಸಿ, ಮಕ್ಕಳನ್ನು ದೂರವಿಡಿ.