ಕಣ್ಣಿಗೆ ಮೂರು, ಮೂಗಿಗೆ ಒಂದೇ

ನಮ್ಮ ‘ನೋಡು’ವಿನಷ್ಟು ದುಡಿಯುವ ಕ್ರಿಯಾಪದ ಇನ್ನೊಂದಿರಲಿಕ್ಕಿಲ್ಲ. ಮ್ಯಾಚು ನೋಡುತ್ತೇವೆ, ಹೆಣ್ಣು ನೋಡುತ್ತೇವೆ, ಸಾರಿನ ಉಪ್ಪು ನೋಡುತ್ತೇವೆ. ಇಂಗ್ಲಿಷಿಗೆ ಹೋದರೆ ಕಣ್ಣಿನ ಕೆಲಸಕ್ಕೇ ಸೀ, ಲುಕ್, ವಾಚ್ ಎಂದು ಮೂರು ಆಳು. ‘ಕೇಳು’ವಿನದೂ ಅದೇ ಪಾಡು: ಹಿಯರ್, ಲಿಸನ್, ಮೇಲೆ ಆಸ್ಕ್ ಬೇರೆ.

ಕನ್ನಡದಲ್ಲಿ ಈ ಭೇದವೇ ಇಲ್ಲ, ಬಾಯಿಪಾಠ ಮಾಡಿ ಎಂದು ಹೇಳಿಕೊಡುವವರಿದ್ದಾರೆ. ಭೇದ ಇದೆ. ‘ನಾನು ನೋಡಿದೆ’ ಬೇರೆ, ‘ನನಗೆ ಕಾಣಿಸಿತು’ ಬೇರೆ. ‘ನಾನು ಕೇಳಿದೆ’ ಬೇರೆ, ‘ನನಗೆ ಕೇಳಿಸಿತು’ ಬೇರೆ. ‘ನಾನು’ ಬಂದಲ್ಲಿ ಗಮನ ಕೊಟ್ಟವರು ನಾವು. ಅದು ಲುಕ್, ಲಿಸನ್. ‘ನನಗೆ’ ಬಂದಲ್ಲಿ ನೋಟವೋ ಸದ್ದೋ ತಾನಾಗಿ ಬಂದು ಬಿತ್ತು. ಅದು ಸೀ, ಹಿಯರ್. ‘ನೋಡಿದೆ, ಆದರೆ ಏನೂ ಕಾಣಿಸಲಿಲ್ಲ’ ಎನ್ನಲು ನಮಗೆ ಯಾವ ಮೇಷ್ಟ್ರೂ ಕಲಿಸಿಲ್ಲ. ಇಂಗ್ಲಿಷಿನವರು ಹೇಳುವುದೂ ಅಷ್ಟನ್ನೇ: ಐ ಲುಕ್ಡ್, ಬಟ್ ಸಾ ನಥಿಂಗ್. ಲಿಸನ್‌ನ ಕಾಗುಣಿತದಲ್ಲೊಂದು ‘ಟಿ’ ಇದೆ. ಎಷ್ಟು ಕಿವಿಗೊಟ್ಟು ಕೇಳಿದರೂ ಅದು ಕೇಳಿಸುವುದಿಲ್ಲ. (ಕುಂದಾಪುರದ ಕಡೆಯವರಿಗೆ ಮಾತ್ರ ಈ ಉಪಾಯ ಸ್ವಲ್ಪ ತಿರುಗುಮುರುಗು. ಅಲ್ಲಿ ‘ಇಲ್ಕಾಣಿ’ ಎಂದರೇನೇ ‘ಇಲ್ಲಿ ನೋಡಿ’.)

ಲುಕ್, ಲಿಸನ್ ಗುರಿಯಿಟ್ಟು ಹೊರಡುವ ಪದಗಳಾದ್ದರಿಂದ ಗುರಿಯ ಮುಂದೆ ಒಂದು ಬಾಣದ ಗುರುತು ಬೇಕು: ಲುಕ್ ‘ಅಟ್’, ಲಿಸನ್ ‘ಟು’. ನಾವು ‘ಹಾಡು ಕೇಳು’ ಎಂದು ನೇರ ಹೇಳಿ ರೂಢಿಯಾದವರು, ‘ಲಿಸನ್ ಮ್ಯೂಸಿಕ್’ ಎಂದುಬಿಡುತ್ತೇವೆ. ಸೀ, ಹಿಯರ್‌ಗಳಿಗೆ ಆ ಬಾಲ ಬೇಡ.

ಇನ್ನೊಂದು ಎಡವಟ್ಟು ಫೋನಿನಲ್ಲಿ. ‘ಕೇಳಿಸ್ತಾ ಇದೆಯಾ?’ ಎಂಬುದು ಹಾಗೇ ಇಳಿದು ‘ಆರ್ ಯೂ ಹಿಯರಿಂಗ್ ಮಿ?’ ಆಗುತ್ತದೆ. ನಮ್ಮ ‘ಕೇಳಿಸು’ ಸಲೀಸಾಗಿ ‘ತಾ ಇದೆ’ ಹಚ್ಚಿಕೊಳ್ಳುತ್ತದೆ; ಹಿಯರ್ ಸಾಮಾನ್ಯವಾಗಿ ‘ಇಂಗ್’ ಒಪ್ಪುವುದಿಲ್ಲ, ಅಲ್ಲಿ ‘ಕ್ಯಾನ್’ ಕರೆಯಬೇಕು: ಕ್ಯಾನ್ ಯೂ ಹಿಯರ್ ಮಿ? ಸೀ ಕೂಡ ಹಾಗೇ. ಆದರೆ ‘ಐ ಆಮ್ ಸೀಯಿಂಗ್ ದ ಡಾಕ್ಟರ್ ಟುಮಾರೊ’ ಸರಿ, ಏಕೆಂದರೆ ಅಲ್ಲಿ ಸೀ ಎಂದರೆ ಭೇಟಿ. ನಾವು ಡಾಕ್ಟರನ್ನು ನೋಡುವುದಕ್ಕಿಂತ ಹೆಚ್ಚಾಗಿ ಡಾಕ್ಟರಿಗೆ ‘ತೋರಿಸುವ’ ಜನ, ಅದಕ್ಕೇ ‘ಐ ಶೋಡ್ ಟು ಡಾಕ್ಟರ್’.

ವಾಚ್‌ಗೆ ಬೇಕಾದದ್ದು ಹೊತ್ತು. ಚಲಿಸುವ, ಬದಲಾಗುವ, ಆಗಬಹುದಾದ ಏನನ್ನಾದರೂ ಕಾದು ನೋಡುವುದು ವಾಚ್. ಎಚ್ಚರವಿರು ಎನ್ನುವ ‘ವೇಕ್’ ಅದರ ಒಡಹುಟ್ಟು. ರಾತ್ರಿ ಗೇಟಿನಲ್ಲಿ ಕೂರುವವನು ಅದಕ್ಕೇ ವಾಚ್‌ಮನ್. ಗೋಡೆಯ ಮೇಲಿನ ಫೋಟೋವನ್ನು ಲುಕ್ ಅಟ್. ಒಲೆ ಮೇಲಿನ ಹಾಲನ್ನು ವಾಚ್. ಫೋಟೋ ಉಕ್ಕುವುದಿಲ್ಲವಲ್ಲ.

‘ನಾನು–ನನಗೆ’ ಉಪಾಯ ಕೈಕೊಡುವ ಜಾಗಗಳೂ ಇವೆ. ‘ನಿನ್ನೆ ಸಂತೆಯಲ್ಲಿ ಅವನನ್ನು ನೋಡಿದೆ’ ಎಂಬಲ್ಲಿ ‘ನಾನು’ ಇದ್ದರೂ ಅದು ಸಾ. ಕಣ್ಣಿಗೆ ಬಿದ್ದ ಎಂಬುದೇ ಅದರ ತಾತ್ಪರ್ಯ. ‘ಸುದ್ದಿ ಕೇಳಿದೆಯಾ?’ ಇನ್ನೂ ತೊಡಕಿನದು. ಊರಲ್ಲಿ ಯಾರೋ ತೀರಿಕೊಂಡಾಗ ಕೇಳಿದರೆ ಹಿಯರ್, ರೇಡಿಯೋದ ಮುಂದೆ ಕೂತು ಕೇಳಿದ್ದಾದರೆ ಲಿಸನ್.

ಇಷ್ಟೆಲ್ಲ ಬಿಗುಮಾನ ಮಾಡುವ ಇಂಗ್ಲಿಷು ಮೂಗಿನ ಹತ್ತಿರ ಬಂದಾಗ ಕೈಚೆಲ್ಲುತ್ತದೆ. ಮೂಸುವುದೂ ಸ್ಮೆಲ್, ವಾಸನೆ ಬಡಿಯುವುದೂ ಸ್ಮೆಲ್, ವಸ್ತು ನಾರುವುದೂ ಸ್ಮೆಲ್. ನಾಲಿಗೆಯ ಟೇಸ್ಟ್ ಕೂಡ ಹಾಗೇ. ಇಲ್ಲಿ ನಾವೇ ಶ್ರೀಮಂತರು: ಘಮಘಮಿಸುವುದು ಬೇರೆ, ಕಮಟುವುದು ಬೇರೆ, ಗಬ್ಬು ನಾರುವುದು ಬೇರೆ.

ಆದರೂ ಹಾಲು ಕೆಟ್ಟಿದೆಯೇ ಎಂದು ಅನುಮಾನ ಬಂದರೆ ನಾವು ಅನ್ನುವುದು ‘ಮೂಸಿ ನೋಡು’. ಮುಟ್ಟಿ ನೋಡು, ತಿಂದು ನೋಡು, ಕೇಳಿ ನೋಡು. ಯಾವ ಅಂಗದ ಕೆಲಸಕ್ಕೂ ಹಿಂದೆ ಕಣ್ಣು ಬಂದು ನಿಲ್ಲುತ್ತದೆ. ಈ ‘ನೋಡು’ ಸೀ ಅಲ್ಲ, ಲುಕ್ ಅಲ್ಲ, ವಾಚೂ ಅಲ್ಲ, ಅದು ‘ಟ್ರೈ’. ನಮ್ಮ ಹುಡುಗರು ಹೋಟೆಲಿನಲ್ಲಿ ಗೆಳೆಯನ ಕಡೆ ತಟ್ಟೆ ತಳ್ಳಿ ‘ಈಟ್ ಅಂಡ್ ಸೀ’ ಎಂದಾಗ, ಇಂಗ್ಲಿಷಿನವನು ತಿಂದು ಮುಗಿಸಿ, ಇನ್ನು ಏನನ್ನು ನೋಡಬೇಕೋ ಎಂದು ಸುತ್ತಮುತ್ತ ಕಣ್ಣಾಡಿಸಿಯಾನು.