‘ಹತ್ತು ಪ್ರಶ್ನೆ’ ಮೆಸೇಜ್ ಬಗ್ಗೆ ಸ್ಪಷ್ಟನೆ

‘ಈ ಹತ್ತು ಪ್ರಶ್ನೆಗಳಲ್ಲಿ ನಾಲ್ಕಕ್ಕೆ ಹೌದು ಎಂದರೆ ನಿಮ್ಮ ಮಗುವಿನ ಮೆದುಳು ಶಾಶ್ವತವಾಗಿ ಹಾಳಾಗಿದೆ’ ಎನ್ನುವ, ಮಗು ಕಂಡ ಕಷ್ಟಗಳ ಬಗ್ಗೆ ಪ್ರಶ್ನೆಗಳಿರುವ ಮೆಸೇಜ್ ಓಡಾಡುತ್ತಿದೆ. ಇದು ತಪ್ಪು.

ಇದರ ಬೇರು ಅಮೆರಿಕದಲ್ಲಿ 1998ರಲ್ಲಿ ಪ್ರಕಟವಾದ ಒಂದು ಅಧ್ಯಯನ. ಅಲ್ಲಿ ಉತ್ತರ ಕೊಟ್ಟವರು ಮಕ್ಕಳಲ್ಲ, ದೊಡ್ಡವರು. ಬಾಲ್ಯದಲ್ಲಿ ಹೊಡೆತ, ಬೈಗುಳ, ಮನೆಯಲ್ಲಿ ಕುಡಿತ ಇತ್ತಾ ಎಂದು ಅವರನ್ನು ಕೇಳಿ, ಹೌದು ಎಂದ ಒಂದೊಂದು ಬಗೆಯ ಕಷ್ಟಕ್ಕೆ ಒಂದು ಅಂಕ ಎಂದು ಎಣಿಸಿದ್ದರು. ಹೆಚ್ಚು ಕಷ್ಟ ಕಂಡವರಲ್ಲಿ ಕಾಯಿಲೆ ಜಾಸ್ತಿ ಇದ್ದದ್ದು ನಿಜ. ಆದರೆ ಅದು ಸಾವಿರಾರು ಜನರ ಒಟ್ಟು ಲೆಕ್ಕ, ಒಂದು ಮಗುವಿನ ಜಾತಕ ಅಲ್ಲ. ಒಮ್ಮೆ ನಡೆದದ್ದಕ್ಕೂ ವರ್ಷಗಟ್ಟಲೆ ನಡೆದದ್ದಕ್ಕೂ ಅಲ್ಲಿ ಒಂದೇ ಅಂಕ! ಮಗುವಿಗೆ ಆಸರೆಯಾಗಿ ಯಾರಿದ್ದರು ಅನ್ನೋದು ಆ ಅಂಕದಲ್ಲಿ ಸೇರೋದೇ ಇಲ್ಲ. ಅಧ್ಯಯನ ನಡೆಸಿದವರಲ್ಲಿ ಒಬ್ಬರಾದ ರಾಬರ್ಟ್ ಆಂಡಾ ಅವರೇ, ಈ ಅಂಕ ಒಬ್ಬೊಬ್ಬರ ಭವಿಷ್ಯ ಅಳೆಯಲು ತಕ್ಕದ್ದಲ್ಲ ಎಂದು 2020ರಲ್ಲಿ ಬರೆದಿದ್ದಾರೆ.

ಹಾಗಂತ ಎಳೆಯ ಮಕ್ಕಳಿಗೆ ಒತ್ತಡ ತಟ್ಟುವುದಿಲ್ಲ ಎಂದಲ್ಲ. ದೀರ್ಘಕಾಲದ ಒತ್ತಡ ನಿದ್ದೆ, ಕಲಿಕೆ, ಆರೋಗ್ಯ ಎಲ್ಲಕ್ಕೂ ಪೆಟ್ಟು ಕೊಡಬಹುದು. ಜೊತೆಗೆ ನಿಲ್ಲುವ ಒಬ್ಬ ಹಿರಿಯರಿದ್ದರೂ ಆ ಪೆಟ್ಟು ಎಷ್ಟೋ ಕಡಿಮೆಯಾಗುತ್ತದೆ. ಅಪ್ಪ ಅಮ್ಮನ ಹೊರೆ ಇಳಿಸುವುದೂ ಮಗುವಿಗೆ ಮಾಡಿದ ಸಹಾಯವೇ ಅಲ್ವಾ?

ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ. ಮೊದಲೇ ಸೋತಿರುವ ಹೆತ್ತವರನ್ನು ಅದು ಸುಮ್ನೆ ಹೆದರಿಸುತ್ತದೆ. ಮಗುವಿನ ಬಗ್ಗೆ ಆತಂಕ ಇದ್ದರೆ ಮಕ್ಕಳ ಡಾಕ್ಟರ ಹತ್ತಿರ ಮಾತಾಡಿ.